‘ಮಲೆಗಳಲ್ಲಿ ಮದುಮಗಳು’ ನಾಟಕದ ವಿಮರ್ಶೆಯನ್ನು ವಿದ್ಯಾರ್ಥಿಗಳಿಗೆ ಓದಿಸುವುದು ಹೇಗೆ?

ಪ್ರಶ್ನೆ
ಕನ್ನಡ ಉಪನ್ಯಾಸಕಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಶಿವಮೊಗ್ಗದಲ್ಲಿ ಹವ್ಯಾಸಿ ತಂಡವೊಂದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಎರಡೂವರೆ ಗಂಟೆಯ ನಾಟಕವಾಗಿ ಆಡಿತು. ನಾನು ಪದವಿ ತರಗತಿಯ 26 ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಮುಂದಿನ ಭಾನುವಾರ ಪತ್ರಿಕೆಯೊಂದರಲ್ಲಿ ಅದರ ವಿಮರ್ಶೆ ಬಂತು. ಅದರ ಜೆರಾಕ್ಸ್ ಪ್ರತಿಯನ್ನು ಎಲ್ಲರಿಗೂ ಕೊಟ್ಟು, ಈ ವಿಮರ್ಶೆಯನ್ನೇ ವಿಮರ್ಶಿಸಿ ಬರೆಯಿರಿ ಎಂದು ಹೇಳಿದೆ. ಅರ್ಧದಷ್ಟು ಮಂದಿ, ವಿಮರ್ಶಕರು ತಿಳಿದವರು, ಆದ್ದರಿಂದ ಅವರು ಹೇಳಿದ್ದು ಸರಿ ಎಂದು ಬರೆದರು. ಉಳಿದವರು, ನಮಗೆ ನಾಟಕ ಹಿಡಿಸಿತು, ಆದ್ದರಿಂದ ವಿಮರ್ಶೆ ತಪ್ಪು ಎಂದು ಬರೆದರು. ಇವೆರಡೂ ವಿಶ್ಲೇಷಣೆಯಲ್ಲ ಎಂಬುದು ನನಗೆ ಗೊತ್ತು. ಆದರೆ ಯಾವುದು ವಿಶ್ಲೇಷಣೆ ಎಂದು ಅವರಿಗೆ ತೋರಿಸಿಕೊಡಲು ಹೊರಟಾಗ ನಾನೇ ತಡವರಿಸಿದೆ.

ವಿಮರ್ಶೆಯ ಮುಖ್ಯ ಆಕ್ಷೇಪ ಹೀಗಿದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕವಿಯೇ ಮೊದಲ ಪುಟದಲ್ಲಿ ಸಾರಿರುವಾಗ, ನಾಟಕವು ಜೀತದಾಳು ಗುತ್ತಿ ಮತ್ತು ಅವನು ಮದುವೆಯಾಗಲು ಹಾರಿಸಿಕೊಂಡು ಹೋಗುವ ತಿಮ್ಮಿಯರ ಓಟವನ್ನು ನಡುಗಂಬ ಮಾಡಿಕೊಂಡು, ಇನ್ನೊಂದು ಪ್ರೇಮಿಗಳ ಜೋಡಿಯಾದ ಚಿನ್ನಮ್ಮ–ಮುಕುಂದಯ್ಯರನ್ನು ಬದಿಗೆ ಸರಿಸಿ, ಐತ–ಪೀಂಚಲು ಜೋಡಿಯನ್ನು ಎರಡೇ ದೃಶ್ಯಗಳಲ್ಲಿ ಮುಗಿಸಿದೆ; ಹಾಗಾಗಿ ಇದು ಕಾದಂಬರಿಯ ಆತ್ಮಕ್ಕೆ ಹೊರತಾದದ್ದು. ಇದರ ಜೊತೆಗೆ ಅವರು ಬೇರೆ ಮಾತುಗಳನ್ನೂ ಹೇಳಿದ್ದಾರೆ: ನಾಲ್ಕು ಬಿದಿರು ಗಳುಗಳ ಬರಿಯ ರಂಗದಲ್ಲಿ ಕಾಡು ಕಾಣಲೇ ಇಲ್ಲ, ಗುತ್ತಿಯ ನಾಯಿ ಹುಲಿಯನನ್ನು ತಂಡ ಮರೆತೇಬಿಟ್ಟಿದೆ, ದೃಶ್ಯದಲ್ಲಿ ಇಲ್ಲದ ನಟರೂ ಉದ್ದಕ್ಕೂ ರಂಗದ ಎರಡು ಬದಿಗಳಲ್ಲಿ ಕುಳಿತಿದ್ದು ಅನಗತ್ಯ ಜಂಗುಳಿ, ಸಂಭಾಷಣೆಯಲ್ಲಿ ಮಲೆನಾಡಿನ ಮಾತಿಲ್ಲ, ಮತ್ತು 2010ರಲ್ಲಿ ಮೈಸೂರು ರಂಗಾಯಣ ಆಡಿದ ಪ್ರಯೋಗದ ಮುಂದೆ ಇದು ಏನೇನೂ ಅಲ್ಲ.

ನಾನು ಮೂರನೆಯ ಸಾಲಿನಲ್ಲಿ ಕುಳಿತು ನೋಡಿದವಳು. ಹುಲಿಯ ಇರಲಿಲ್ಲ ಎಂಬ ಮಾತನ್ನು ಓದಿ ನನಗೆ ನಿಜವಾಗಿಯೂ ಆಶ್ಚರ್ಯವಾಯಿತು. ರಂಗದ ಮೇಲೆ ನಾಯಿ ಇರಲಿಲ್ಲ, ನಾಯಿಯ ವೇಷದ ನಟನೂ ಇರಲಿಲ್ಲ, ನಿಜ. ಆದರೆ ಗುತ್ತಿಯ ಪಾತ್ರ ಮಾಡಿದ ಹುಡುಗ ನಿಂತಲ್ಲೆಲ್ಲ ಅವನ ಎಡಗೈ ಮೊಣಕಾಲಿನ ಎತ್ತರಕ್ಕೆ ಇಳಿದು, ಅಲ್ಲಿ ಏನನ್ನೋ ನೇವರಿಸಿ, ಮೇಲೆ ಬರುತ್ತಿತ್ತು. ಕೊನೆಯಲ್ಲಿ, ಕಾದಂಬರಿಯಲ್ಲಿ ಹುಲಿಯ ಕೊಚ್ಚಿಹೋಗುವ ತುಂಗೆಯ ಹೊಳೆಯನ್ನು ದಾಟಿ ದಡದಲ್ಲಿ ನಿಂತಾಗ ಅದೇ ಕೈ ಅದೇ ಎತ್ತರಕ್ಕೆ ಇಳಿಯಿತು. ಬೆರಳುಗಳು ಬಿಚ್ಚಿಕೊಂಡವು, ಮುಚ್ಚಲಿಲ್ಲ. ನನ್ನ ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಬಿಕ್ಕಿದ್ದು ನನಗೆ ಕೇಳಿಸಿತು. ಇದನ್ನು ವಿಮರ್ಶಕರು ಯಾಕೆ ಕಾಣಲಿಲ್ಲ? ಅಥವಾ ಕಾದಂಬರಿ ಓದಿದ್ದರಿಂದ ನಾವೇ ನಮ್ಮ ಮನಸ್ಸಿನೊಳಗಿನ ನಾಯಿಯನ್ನು ಅಲ್ಲಿ ತುಂಬಿಕೊಂಡೆವೇ? ಇಂಥ ವಿಮರ್ಶೆಯನ್ನು ಎಲ್ಲಿಂದ ಬಿಡಿಸುತ್ತಾ ಹೋಗಬೇಕು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1
ನಿವೃತ್ತ ಮೇಷ್ಟ್ರು, ಕೊಪ್ಪ

ಮೇಡಂ ಅವರಿಗೆ ನಮಸ್ಕಾರ. ಆ ಪ್ರದರ್ಶನವನ್ನು ನಾನೂ ನೋಡಿದ್ದೇನೆ. ವಿಮರ್ಶೆಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನಾಗಿ, ಮತ್ತು ಈ ಕಾದಂಬರಿಯನ್ನು ಪ್ರತಿ ಮಳೆಗಾಲಕ್ಕೊಮ್ಮೆ ಓದುವವನಾಗಿ, ನನಗೆ ಅನಿಸಿದ್ದನ್ನು ಬರೆಯುತ್ತೇನೆ.

ಮೊದಲು ಮುಖ್ಯ ಆಕ್ಷೇಪಕ್ಕೆ ಬರೋಣ. ಅದು ತೂಕದ ಮಾತು. 1967ರಲ್ಲಿ ಪ್ರಕಟವಾದ ಈ ಕಾದಂಬರಿ 700ರ ಆಸುಪಾಸಿನ ಪುಟಗಳುದ್ದಕ್ಕೂ ಒಬ್ಬರ ಬೆನ್ನು ಹತ್ತಿ ಹೋಗುವುದಿಲ್ಲ. ಒಂದು ದಾರಿಯಲ್ಲಿ ನಡೆಯುತ್ತಿರುವ ಮನುಷ್ಯನನ್ನು ಅಲ್ಲಿಯೇ ಬಿಟ್ಟು, ಅವನು ದಾಟಿಬಂದ ಮನೆಯ ಜಗಲಿಗೆ, ಆ ಮನೆಯ ಹಿತ್ತಿಲಿಗೆ, ಅಲ್ಲಿಂದ ಇನ್ನೊಂದು ಮನೆಯ ಮುದುಕಿಯ ನೆನಪಿಗೆ ಹೋಗಿ, ನೂರು ಪುಟ ಕಳೆದ ಮೇಲೆ ನಡೆಯುವವನ ಬಳಿಗೆ ತಿರುಗಿ ಬರುತ್ತದೆ. ಅದನ್ನು ಒಂದು ಜೋಡಿಯ ಕಥೆ ಮಾಡುವುದು ಕಾದಂಬರಿಯ ಕಟ್ಟಡವನ್ನೇ ಮುಟ್ಟಿದಂತೆ. ಆದರೆ ವಿಮರ್ಶಕರು ಒಂದು ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಯಾರೂ ಮುಖ್ಯರಲ್ಲ ಎಂದ ಕವಿಯೇ ಕಾದಂಬರಿಯನ್ನು ತೆರೆಯುವುದು ಸಿಂಬಾವಿ ಹೆಗ್ಗಡೆಯವರ ಜೀತದಾಳು ಗುತ್ತಿಯಿಂದ. ಮುಚ್ಚುವಾಗ ತುಂಗೆಯ ದಡದಲ್ಲಿ ನಮ್ಮ ಕಣ್ಣೆದುರು ಇರುವವನೂ ಅವನೇ. ಎರಡು ತುದಿಗಳನ್ನು ಅವನ ಕೈಗೆ ಕೊಟ್ಟವರು ಕುವೆಂಪು. ಆ ಎರಡು ತುದಿಗಳ ನಡುವೆ ಹಗ್ಗ ಬಿಗಿದು ನಾಟಕ ಕಟ್ಟಿದ್ದನ್ನು ಆತ್ಮಕ್ಕೆ ಹೊರತು ಎನ್ನುವ ಮೊದಲು ವಿಮರ್ಶಕರು ಈ ವಿಷಯಕ್ಕೆ ಉತ್ತರ ಹೇಳಬೇಕಿತ್ತು. ಹೇಳಿದ್ದರೆ ವಾದ ಗಟ್ಟಿಯಾಗುತ್ತಿತ್ತು.

ಭಾಷೆಯ ಬಗ್ಗೆ ಅವರು ಬರೆದದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಇಡೀ ವಿಮರ್ಶೆಯಲ್ಲಿ ಸಾಕ್ಷಿ ಕೊಟ್ಟು ಹೇಳಿದ ಮಾತು ಅದೊಂದೇ: ಯಾವ ದೃಶ್ಯದಲ್ಲಿ ಯಾವ ಪಾತ್ರ ಯಾವ ಮಾತನ್ನು ಬಯಲುಸೀಮೆಯ ರಾಗದಲ್ಲಿ ಆಡಿತು ಎಂದು ಅವರು ಬರೆದಿದ್ದಾರೆ. ನಮ್ಮ ಕಡೆಯ ಮಾತು ವಾಕ್ಯದ ಕೊನೆಗೆ ಹೋಗಿ ನಿಧಾನವಾಗುತ್ತದೆ. ಆ ನಟರದು ಕೊನೆಗೆ ಹೋಗಿ ಹೊಡೆಯುತ್ತಿತ್ತು.

ಕಾಡು ಕಾಣಲಿಲ್ಲ ಎಂಬ ಮಾತಿಗೆ ಬಂದರೆ, ಅಲ್ಲಿ ವಿಮರ್ಶಕರು ಸರಿಯಾದ ತೀರ್ಪನ್ನು ತಪ್ಪು ಕಾರಣಕ್ಕೆ ಕೊಟ್ಟಿದ್ದಾರೆ ಎಂದು ನನ್ನ ಅಭಿಪ್ರಾಯ. ಬರಿಯ ರಂಗದಲ್ಲಿ ಕಾಡು ಕಾಣಿಸುವುದು ನಟನ ಮೈಯಿಂದ. ಒಂದು ಸಂಗತಿ ಹೇಳುತ್ತೇನೆ. ಬೆಟ್ಟಳ್ಳಿಯ ಕಡೆಗೆ ಹೋಗುವ ದೃಶ್ಯದಲ್ಲಿ ಗುತ್ತಿ ಒಂದು ದಣಪೆಯನ್ನು ದಾಟಬೇಕು. ದಣಪೆ ಎಂದರೆ ಏನೆಂದು ಇಲ್ಲಿನ ಹಿರಿಯರಿಗೆ ವಿವರಿಸಬೇಕಾಗಿಲ್ಲ, ನಿಮ್ಮ ವಿದ್ಯಾರ್ಥಿಗಳಿಗಾಗಿ ಬರೆಯುತ್ತೇನೆ: ಬೇಲಿಯ ಬಾಯಿಯಲ್ಲಿ ಎರಡು ಗೂಟ ನೆಟ್ಟು, ಆ ಗೂಟಗಳ ತೂತಿನಲ್ಲಿ ಅಡ್ಡಡ್ಡ ಗಳುಗಳನ್ನು ತೂರಿಸಿ ಇಡುತ್ತಾರೆ, ದಾಟುವವನು ಒಂದೊಂದೇ ಗಳುವನ್ನು ಪಕ್ಕಕ್ಕೆ ಜಾರಿಸಿ, ಕಾಲೆತ್ತಿ ಒಳಗೆ ಹೋಗಿ, ತಿರುಗಿ ನಿಂತು ಮತ್ತೆ ಗಳು ಸೇರಿಸಬೇಕು, ಇಲ್ಲದಿದ್ದರೆ ದನ ನುಗ್ಗುತ್ತವೆ. ಆ ನಟ ಮಾಡಿದ್ದೇನು? ಬಾಗಿಲಿನ ರೆಕ್ಕೆಯನ್ನು ದೂಡುವ ಹಾಗೆ ಅಂಗೈಯಿಂದ ಗಾಳಿಯನ್ನು ದೂಡಿ ನಡೆದುಬಿಟ್ಟ. ಆ ಒಂದು ಕ್ಷಣದಲ್ಲಿ ಮಲೆನಾಡು ಮಾಯವಾಗಿ ಪೇಟೆಯ ಮನೆಯೊಂದರ ಗೇಟು ಬಂತು. ವಿಮರ್ಶಕರು ಇದನ್ನು ಗಮನಿಸಿ ಬರೆದಿದ್ದರೆ, ಕಾಡು ಕಾಣಲಿಲ್ಲ ಎಂಬ ಅವರ ಮಾತನ್ನು ಯಾರೂ ಅಲ್ಲಾಡಿಸಲು ಆಗುತ್ತಿರಲಿಲ್ಲ. ಅವರು ಕೇಳಿದ್ದು ಹಸಿರು ಪರದೆಯನ್ನು.

ಉತ್ತರ 2
ಬೆಳಕಿನ ವಿನ್ಯಾಸ ಮಾಡುವವನು, ಸಾಗರ

ಮೇಷ್ಟ್ರು ದಣಪೆಯ ಬಗ್ಗೆ ಹೇಳಿದ್ದು ಓದಿ ಸಂತೋಷವಾಯಿತು, ಸ್ವಲ್ಪ ನಾಚಿಕೆಯೂ ಆಯಿತು, ಏಕೆಂದರೆ ನಾಟಕದವರು ನಾವು ಇಂಥದ್ದನ್ನು ಕಲಿಯಲು ಯಾರದಾದರೂ ತೋಟದ ಬೇಲಿಯ ತನಕ ಹೋದರೆ ಸಾಕು. ನಾನು ಆ ತಂಡದವನಲ್ಲ. ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತು, ಈಗ ಬೇರೆ ಬೇರೆ ತಂಡಗಳಿಗೆ ಬೆಳಕು ಮಾಡುತ್ತೇನೆ.

ಈ ವಿಮರ್ಶೆಯಲ್ಲಿ ನನಗೆ ಬಹಳ ಬೇಸರ ತಂದದ್ದು 2010ರ ಪ್ರಯೋಗದ ಜೊತೆಗಿನ ಹೋಲಿಕೆ. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಸಿ. ಬಸವಲಿಂಗಯ್ಯನವರ ನಿರ್ದೇಶನ, ಹಂಸಲೇಖರ ಸಂಗೀತ ಇದ್ದ ಆ ಪ್ರಯೋಗ ರಾತ್ರಿಯಿಡೀ ಸುಮಾರು ಒಂಬತ್ತು ಗಂಟೆ ನಡೆಯುತ್ತಿತ್ತು. ಬಯಲಿನಲ್ಲಿ ಒಂದಕ್ಕಿಂತ ಹೆಚ್ಚು ರಂಗಸ್ಥಳಗಳಿದ್ದವು. ಒಂದು ಕಡೆಯ ಆಟ ಮುಗಿದರೆ ಪ್ರೇಕ್ಷಕರೇ ಎದ್ದು ಇನ್ನೊಂದು ಕಡೆಗೆ ನಡೆದು ಹೋಗಬೇಕಿತ್ತು. ಅಲ್ಲಿ ನೋಡುವವನ ಕಾಲೂ ದಣಿಯುತ್ತದೆ, ಕಣ್ಣಿಗೆ ನಿದ್ದೆ ಬರುತ್ತದೆ, ನಸುಕಿನ ಚಳಿಯಲ್ಲಿ ಕಥೆ ಮುಗಿಯುತ್ತದೆ. ಅವಸರವೂ ಸಾವಧಾನದ ಬೆನ್ನೇರಿದೆ ಎಂದು ಕವಿ ಹೇಳಿದ್ದು ಪ್ರೇಕ್ಷಕನ ಮೈಗೇ ಅನುಭವವಾಗುವ ಏರ್ಪಾಡು ಅದು. ನಾಲ್ಕು ಗೋಡೆಗಳ ಒಳಗೆ, ಒಂದೇ ದಿಕ್ಕಿಗೆ ಮುಖಮಾಡಿದ ಕುರ್ಚಿಗಳ ಮುಂದೆ, ಸಂಜೆ ಆರೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯಬೇಕಾದ ನಾಟಕಕ್ಕೆ ಆ ದಾರಿಯೇ ಇಲ್ಲ. ಅದು ಬೇರೆ ದಾರಿ ಹುಡುಕಲೇಬೇಕು. ಹುಡುಕಿದ ದಾರಿ ಎಲ್ಲಿಗೆ ಮುಟ್ಟಿತು ಎಂದು ಕೇಳುವುದು ವಿಮರ್ಶೆ. ಆ ದಾರಿಯಲ್ಲಿ ಯಾಕೆ ಬರಲಿಲ್ಲ ಎಂದು ಕೇಳಿದರೆ ಉತ್ತರವೇ ಇರುವುದಿಲ್ಲ.

ಈಗ ಒಂದು ಮುಖ್ಯವಾದ ಮಾತು. ವಿಮರ್ಶಕರು ಒಂದು ಕಡೆ, ಯಾರೂ ಅಮುಖ್ಯರಲ್ಲ ಎಂಬ ತತ್ವವನ್ನು ನಾಟಕ ಕೈಬಿಟ್ಟಿದೆ ಎನ್ನುತ್ತಾರೆ. ಮುಂದಿನ ಪ್ಯಾರಾದಲ್ಲಿ, ದೃಶ್ಯದಲ್ಲಿಲ್ಲದ ನಟರು ರಂಗದ ಬದಿಗಳಲ್ಲಿ ಕುಳಿತಿದ್ದು ಜಂಗುಳಿ ಎನ್ನುತ್ತಾರೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಗುತ್ತಿ ಮತ್ತು ತಿಮ್ಮಿ ಓಡುತ್ತಿರುವಾಗ ಐತ, ಪೀಂಚಲು, ಚಿನ್ನಮ್ಮ, ನಾಗಕ್ಕ, ಭರಮೈ ಹೆಗ್ಗಡೆ ಎಲ್ಲರೂ ಅಲ್ಲಿಯೇ ಕುಳಿತು ನೋಡುತ್ತಿದ್ದರು. ಯಾರೂ ನೇಪಥ್ಯಕ್ಕೆ ಹೋಗಿ ಚಹಾ ಕುಡಿಯಲಿಲ್ಲ. ತಮ್ಮ ಕಥೆ ಹೇಳಲು ಸಮಯ ಸಿಗದವರು ಕೂಡ ಎರಡೂವರೆ ಗಂಟೆ ಪ್ರೇಕ್ಷಕರ ಕಣ್ಣೆದುರೇ ಇದ್ದರು. ವಿಮರ್ಶಕರ ಮೊದಲ ಪ್ರಶ್ನೆಗೆ ನಿರ್ದೇಶಕರು ಕಂಡುಕೊಂಡ ಉತ್ತರ ಅದು. ಉತ್ತರ ಸಾಲದು ಎಂದು ಅವರು ಹೇಳಬಹುದಿತ್ತು. ಆದರೆ ಉತ್ತರವನ್ನು ಉತ್ತರವೆಂದು ಗುರುತಿಸದೆ, ಅದನ್ನೇ ಇನ್ನೊಂದು ತಪ್ಪು ಎಂದು ಎಣಿಸಿದ್ದಾರೆ. ಮೇಡಂ, ನಿಮ್ಮ ವಿದ್ಯಾರ್ಥಿಗಳಿಗೆ ನಾನಾದರೆ ಇಲ್ಲಿಂದಲೇ ಪಾಠ ಶುರು ಮಾಡುತ್ತೇನೆ: ವಿಮರ್ಶೆಯ ಒಂದು ಪ್ಯಾರಾ ಇನ್ನೊಂದು ಪ್ಯಾರಾದ ಜೊತೆ ಮಾತಾಡುತ್ತಿದೆಯೇ ಎಂದು ನೋಡಲು ಹೇಳಿ.

ಹುಲಿಯನ ಬಗ್ಗೆ ನೀವು ಬರೆದದ್ದು ಸರಿ. ಗುತ್ತಿಗೆ ‘ನಾಯಿಗುತ್ತಿ’ ಎಂಬ ಹೆಸರು ಬಂದದ್ದೇ ಹುಲಿಯನಿಂದ. ಹೆಸರಿನಲ್ಲೇ ಸೇರಿಹೋದ ಪ್ರಾಣಿಯನ್ನು ಹೊರಗೆ ಇನ್ನೊಬ್ಬ ನಟನಾಗಿ ನಿಲ್ಲಿಸುವುದಕ್ಕಿಂತ ಗುತ್ತಿಯ ಕೈಯಲ್ಲೇ ಇಟ್ಟದ್ದು ನನಗೆ ಬಹಳ ಒಳ್ಳೆಯ ಆಲೋಚನೆಯಾಗಿ ಕಂಡಿತು.

ಉತ್ತರ 3
ಓದುಗ, ಶಿವಮೊಗ್ಗ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ವಿಮರ್ಶಕರ ಪರವಾಗಿ ಯಾರೂ ಒಂದು ಮಾತು ಹೇಳಿಲ್ಲವಾದ್ದರಿಂದ ನಾನು ಹೇಳುತ್ತೇನೆ. ನಾನು ಹಿಂದಿನಿಂದ ಎರಡನೆಯ ಸಾಲಿನಲ್ಲಿ, ಬಲಬದಿಯಲ್ಲಿ ಕುಳಿತಿದ್ದೆ. ಗುತ್ತಿಯ ಎಡಗೈ ನನಗೆ ಒಮ್ಮೆಯೂ ಕಾಣಲಿಲ್ಲ. ಕೊನೆಯ ದೃಶ್ಯದಲ್ಲಿ ಇಡೀ ರಂಗ ಕಡುನೀಲಿಯಾಗಿತ್ತು. ಅವನು ಹೊದ್ದಿದ್ದ ಕಂಬಳಿ ಕಪ್ಪು. ನನಗೆ ಕಂಡದ್ದು ಒಂದು ಕಪ್ಪು ಆಕಾರ ನಿಂತಿದೆ ಎಂಬುದಷ್ಟೇ. ಮೇಡಂ ಅವರ ಪಕ್ಕದ ಹುಡುಗಿ ಬಿಕ್ಕುತ್ತಿದ್ದಾಗ, ನನ್ನ ಪಕ್ಕದವರು ನಾಯಿ ಏನಾಯಿತು ಎಂದು ನನ್ನನ್ನು ಕೇಳುತ್ತಿದ್ದರು. ಅವರು ಕಾದಂಬರಿ ಓದಿರಲಿಲ್ಲ. ತುಂಗೆಯ ನೆರೆ ಹುಲಿಯನನ್ನು ಸೆಳೆದುಕೊಂಡು ಹೋಗುವುದನ್ನು ನಾನೇ ಪಿಸುಗುಟ್ಟಿ ಹೇಳಬೇಕಾಯಿತು.

ಹಾಗೆಯೇ ಬದಿಗಳಲ್ಲಿ ಕುಳಿತ ನಟರು. ಸಾಗರದ ಸ್ನೇಹಿತರು ಹೇಳಿದ ಅರ್ಥ ಬಹಳ ಸೊಗಸಾಗಿದೆ, ಮತ್ತು ನಿರ್ದೇಶಕರ ಮನಸ್ಸಿನಲ್ಲಿ ಅದೇ ಇದ್ದಿರಬಹುದು. ಆದರೆ ಅವರ ಮೇಲೆ ಬೆಳಕು ಬೀಳಲಿಲ್ಲ. ನೋಡುತ್ತಿರುವವರ ಮುಖ ಕಂಡರೆ ಅವರು ಸಾಕ್ಷಿಗಳಾಗುತ್ತಾರೆ. ಮುಖ ಕಾಣದಿದ್ದರೆ ಕತ್ತಲಲ್ಲಿ ಅಲುಗಾಡುವ ಗುಂಪಾಗುತ್ತಾರೆ. ಹಿಂದಿನ ಸಾಲಿಗೆ ಅವರು ಜಂಗುಳಿಯೇ ಆಗಿದ್ದರು. ವಿಮರ್ಶಕರು ಎಲ್ಲಿ ಕುಳಿತಿದ್ದರೋ ತಿಳಿಯದು. ನನ್ನ ಹತ್ತಿರವೇ ಕುಳಿತಿದ್ದರೆ ಅವರು ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದಾರೆ. ‘ತಂಡ ಮರೆತಿದೆ’ ಎಂದು ಬರೆದದ್ದು ಮಾತ್ರ ಅವರ ತಪ್ಪು, ಏಕೆಂದರೆ ಮರೆತರೋ ಇಲ್ಲವೋ ಎಂಬುದು ಪ್ರೇಕ್ಷಕನ ಕುರ್ಚಿಯಿಂದ ತಿಳಿಯುವ ವಿಷಯವಲ್ಲ. ‘ನನಗೆ ಕಾಣಲಿಲ್ಲ’ ಎಂದು ಬರೆದಿದ್ದರೆ ಅದು ಸತ್ಯವೂ ಆಗುತ್ತಿತ್ತು, ತಂಡಕ್ಕೆ ಉಪಯೋಗಕ್ಕೂ ಬರುತ್ತಿತ್ತು.

ಇನ್ನೊಂದು ವಿಷಯವನ್ನೂ ಸೇರಿಸುತ್ತೇನೆ. ವಿಮರ್ಶೆಯ ಒಂದೇ ಒಂದು ಸಾಲಿನಲ್ಲಿ, ನಾಟಕದಲ್ಲಿ ಕವಿಯ ದನಿ ಇಲ್ಲ ಎಂದಿದೆ. ಇದನ್ನು ಯಾರೂ ಎತ್ತಿಕೊಂಡಿಲ್ಲ. ನನ್ನ ಮಟ್ಟಿಗೆ ವಿಮರ್ಶೆಯ ಅತ್ಯಂತ ಆಳವಾದ ಮಾತು ಇದೇ. ಕಾದಂಬರಿಯ ನಿರೂಪಕ ಮಲೆನಾಡಿನ ಮೂಲೆಯ ಒಂದು ಘಟನೆಯನ್ನು ಹೇಳುತ್ತಲೇ, ಅದೇ ಕಾಲದಲ್ಲಿ, 1893ರ ಚಿಕಾಗೋದ ಸರ್ವಧರ್ಮ ಸಮ್ಮೇಳನದತ್ತ ಹೊರಟ ವಿವೇಕಾನಂದರನ್ನು ನಮ್ಮ ಮುಂದೆ ತರುತ್ತಾನೆ. ಗುತ್ತಿಗೆ ಅದರ ಅರಿವೇ ಇಲ್ಲ. ಓದುಗನಿಗೆ ಮಾತ್ರ ಎರಡೂ ಒಟ್ಟಿಗೆ ಕಾಣುತ್ತವೆ, ಮತ್ತು ಆ ಕ್ಷಣದಲ್ಲಿ ಕಂಬಳಿ ಹೊದ್ದ ಜೀತದಾಳಿನ ನಡಿಗೆಯೂ ಲೋಕದ ಚರಿತ್ರೆಯ ಒಂದು ನಡಿಗೆಯಾಗುತ್ತದೆ. ಪಾತ್ರಗಳ ಮಾತಿನಿಂದಷ್ಟೇ ಕಟ್ಟಿದ ನಾಟಕಕ್ಕೆ ಇದನ್ನು ಹೇಳಲು ಬಾಯಿಯೇ ಇಲ್ಲ. ಭಾಗವತನೋ, ಮೇಳವೋ, ಹಾಡುವ ಜೋಗಿಯೋ, ಯಾರಾದರೂ ಕಥೆಯ ಹೊರಗೆ ನಿಂತು ಹೇಳಬೇಕು. ಯಕ್ಷಗಾನ ನೋಡಿ ಬೆಳೆದ ನಮ್ಮ ಸೀಮೆಯವರಿಗೆ ಇದು ಹೊಸ ವಿಷಯವಲ್ಲ. ಬದಿಗಳಲ್ಲಿ ಸುಮ್ಮನೆ ಕುಳಿತಿದ್ದ ನಟರಿಗೆ ಆ ಬಾಯಿಯನ್ನು ಕೊಡಬಹುದಿತ್ತು. ಆಗ ಅವರು ಜಂಗುಳಿಯಾಗುತ್ತಿರಲಿಲ್ಲ, ಕವಿಯ ದನಿಯೂ ಬರುತ್ತಿತ್ತು, ಯಾರೂ ಅಮುಖ್ಯರಲ್ಲ ಎಂಬುದೂ ನಿಜವಾಗುತ್ತಿತ್ತು. ವಿಮರ್ಶಕರು ಈ ಮೂರನ್ನೂ ಮೂರು ಕಡೆ ಮುಟ್ಟಿದ್ದಾರೆ, ಕೂಡಿಸಲಿಲ್ಲ. ಪತ್ರಿಕೆಯಲ್ಲಿ ನಾಟಕಕ್ಕೆ ಸಿಗುವುದು ಎರಡು ಕಾಲಂ ಜಾಗ. ಬಹುಶಃ ಕೂಡಿಸುವಷ್ಟು ಎಡೆ ಅವರಿಗೆ ಸಿಗಲಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು
ಕನ್ನಡ ಉಪನ್ಯಾಸಕಿ, ತೀರ್ಥಹಳ್ಳಿ

ಮೂವರಿಗೂ ತುಂಬಾ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ನಿನ್ನೆ ರಾತ್ರಿ ವಿಮರ್ಶೆಯನ್ನು ಎರಡು ಬಣ್ಣದ ಪೆನ್ನು ಹಿಡಿದು ಮತ್ತೆ ಓದಿದೆ. ರಂಗದ ಮೇಲೆ ಕಂಡದ್ದನ್ನು, ಕೇಳಿದ್ದನ್ನು ಹೇಳುವ ವಾಕ್ಯಗಳಿಗೆ ಹಸಿರು ಗೆರೆ. ‘ಬೇಕಿತ್ತು’, ‘ಬಾರದಿತ್ತು’ ಎಂದು ಮುಗಿಯುವ ವಾಕ್ಯಗಳಿಗೆ ಕೆಂಪು ಗೆರೆ. ಹಸಿರು ನಾಲ್ಕು ಬಂದವು, ಅದರಲ್ಲಿ ಮೂರು ಭಾಷೆಯ ಪ್ಯಾರಾದಲ್ಲಿವೆ. ಕೆಂಪು ಒಂಬತ್ತು. ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜವಾಯಿತು: ಎಲ್ಲಿ ಹಸಿರಿದೆಯೋ ಅಲ್ಲಿ ಮಾತ್ರ ನಾನು ವಿಮರ್ಶಕರನ್ನು ನಂಬಿದ್ದೆ, ಯಾಕೆ ನಂಬಿದೆ ಎಂಬುದು ತಿಳಿಯದೆಯೇ.

ಆದರೆ ಶಿವಮೊಗ್ಗದವರ ಮಾತು ನನ್ನನ್ನು ಹೆಚ್ಚು ಕಾಡಿತು. ನಾನು ಮೂರನೆಯ ಸಾಲಿನಲ್ಲಿ ಕುಳಿತು ಕಂಡದ್ದನ್ನೇ ನಾಟಕ ಎಂದುಕೊಂಡಿದ್ದೆ. ಹಿಂದಿನ ಸಾಲಿನವರಿಗೆ ಬೇರೆಯದೇ ನಾಟಕ ಕಂಡಿದೆ, ಮತ್ತು ನನ್ನ 26 ವಿದ್ಯಾರ್ಥಿಗಳೂ ಮುಂದಿನ ನಾಲ್ಕು ಸಾಲುಗಳಲ್ಲೇ ಇದ್ದರು ಎಂಬುದು ಈಗ ನೆನಪಾಗುತ್ತಿದೆ. ನಮಗೆ ನಾಟಕ ಹಿಡಿಸಿತು ಎಂದು ಅವರು ಬರೆದದ್ದರಲ್ಲಿ ಆ ಕುರ್ಚಿಗಳ ಪಾಲೂ ಇದೆ. ಒಂದು ವಿಷಯದಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯವಿದೆ. ಬದಿಯ ನಟರಿಗೆ ನಿರೂಪಣೆಯ ಬಾಯಿ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಪೀಂಚಲುವಿನ ಪಾತ್ರ ಮಾಡಿದ ಹುಡುಗಿ, ತನ್ನ ಎರಡು ದೃಶ್ಯ ಮುಗಿದ ಮೇಲೆ, ಎಡಬದಿಯ ಅಂಚಿನಲ್ಲಿ ಕುಳಿತು ಮಡಿಲಿನಲ್ಲಿ ಏನನ್ನೋ ಬಿಡಿಸುತ್ತಿದ್ದಳು. ಅಡಿಕೆ ಸುಲಿಯುತ್ತಿದ್ದಳೋ, ಸೊಪ್ಪು ಆರಿಸುತ್ತಿದ್ದಳೋ ತಿಳಿಯಲಿಲ್ಲ. ಗುತ್ತಿ–ತಿಮ್ಮಿಯರ ಮೇಲೆ ಏನು ಬಂದರೂ ಅವಳ ಕೈ ನಿಲ್ಲಲಿಲ್ಲ. ಆ ಮೌನದ ಕೆಲಸ ನನಗೆ ಕುವೆಂಪು ಅವರ ಲೋಕಕ್ಕೆ ಬಹಳ ಹತ್ತಿರ ಎನಿಸಿತು. ಅವಳಿಗೆ ಬೇಕಿದ್ದದ್ದು ಮಾತಲ್ಲ, ಒಂದಿಷ್ಟು ಬೆಳಕು.

ಮುಂದಿನ ವಾರ ತರಗತಿಯಲ್ಲಿ ಹೀಗೆ ಮಾಡಬೇಕೆಂದಿದ್ದೇನೆ. ಮೊದಲು ಎರಡು ಬಣ್ಣದ ಗೆರೆ. ಆಮೇಲೆ, ಪ್ರತಿಯೊಂದು ಕೆಂಪು ವಾಕ್ಯಕ್ಕೂ ರಂಗದ ಮೇಲೆ ತಾವು ಕಂಡ ಒಂದು ಸಾಕ್ಷಿಯನ್ನು, ಪರವಾಗಿಯೋ ವಿರೋಧವಾಗಿಯೋ, ಹುಡುಕಿ ಬರೆಯಲಿ. ಸಾಕ್ಷಿ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಲಿ. ತಂಡದವರು ಮಳೆಗಾಲಕ್ಕೆ ಮುಂಚೆ ಇನ್ನೊಂದು ಪ್ರದರ್ಶನ ಮಾಡುವ ಯೋಚನೆಯಲ್ಲಿದ್ದಾರಂತೆ. ಅದು ನಡೆದರೆ ಅರ್ಧ ಮಂದಿಯನ್ನು ಕೊನೆಯ ಸಾಲಿನಲ್ಲಿ ಕೂರಿಸುತ್ತೇನೆ, ನಾನೂ ಅಲ್ಲೇ ಕೂರುತ್ತೇನೆ. ಸಾಗರದವರು ತಂಡಕ್ಕೆ ಪರಿಚಯವಿದ್ದರೆ ಕಂಬಳಿಯ ಮತ್ತು ಕಡುನೀಲಿಯ ವಿಷಯವನ್ನು ದಯವಿಟ್ಟು ಅವರಿಗೆ ತಿಳಿಸಿ.

ಬೆಳಕಿನ ವಿನ್ಯಾಸ ಮಾಡುವವನು, ಸಾಗರ

ಖಂಡಿತ ತಿಳಿಸುತ್ತೇನೆ. ಆ ಕೈಯ ಮೇಲೆ ಬದಿಯಿಂದ, ಮೊಣಕಾಲಿನ ಎತ್ತರದಲ್ಲಿ, ಒಂದು ಸಣ್ಣ ದೀಪ ಇಟ್ಟರೆ ಹಿಂದಿನ ಸಾಲಿಗೂ ಕಾಣುತ್ತದೆ. ನನ್ನ ಬಳಿ ಅಂಥ ದೀಪವಿದೆ, ಬಾಡಿಗೆ ಬೇಡ. ಪೀಂಚಲುವಿಗೂ ಒಂದು ಹೊಂದಿಸಬಹುದು.

ನಿವೃತ್ತ ಮೇಷ್ಟ್ರು, ಕೊಪ್ಪ

ಗುತ್ತಿಯ ಪಾತ್ರದ ಹುಡುಗನಿಗೆ ನನ್ನದೊಂದು ಮಾತು ಮುಟ್ಟಿಸಿ. ನಮ್ಮ ತೋಟದ ಬಾಯಿಯಲ್ಲಿ ದಣಪೆ ಈಗಲೂ ಇದೆ, ಮೂರು ಗಳುಗಳದ್ದು. ಒಂದು ಭಾನುವಾರ ಬೆಳಿಗ್ಗೆ ಬಂದು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತುಕೊಂಡು ನಾಲ್ಕು ಸಲ ದಾಟಿ ಹೋಗಲಿ. ಮಧ್ಯಾಹ್ನದ ಊಟ ನಮ್ಮಲ್ಲೇ.